ಹದಿನೇಳು ಹುಡುಗಿಯರು, ಅದರಲ್ಲೊಬ್ಬಳು ತಡ

17 ಜನರನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುವುದು ಕಿರಿಕಿರಿಯ ಕೆಲಸ. 16 ಜನರಾದರೆ ನಾಲ್ಕು ನಾಲ್ಕರ ಸಾಲು, 18 ಆದರೆ ಆರಾರು ಜನರ ಮೂರು ಸಾಲು. 17 ಯಾವುದಕ್ಕೂ ಒಗ್ಗುವುದಿಲ್ಲ, ಹೇಗೆ ಹಂಚಿದರೂ ಒಬ್ಬಳಾದರೂ ಹೊರಗುಳಿಯುತ್ತಾಳೆ. 1934ರ ಮಾರ್ಚ್ ತಿಂಗಳ ಒಂದು ಸಂಜೆ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಬ್ಯಾಲೆ ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್‌ಗೆ ಎದುರಾದದ್ದು ಇದೇ ಲೆಕ್ಕ. ಆತ ರಷ್ಯಾದಲ್ಲಿ ಕಲಿತವನು, ಯುರೋಪಿನಲ್ಲಿ ಹೆಸರು ಮಾಡಿದವನು, ಮೂವತ್ತರ ಹರೆಯ. ಅಮೆರಿಕಕ್ಕೆ ಬಂದು ಆರು ತಿಂಗಳೂ ಕಳೆದಿರಲಿಲ್ಲ. ಲಿಂಕನ್ ಕರ್ಸ್ಟೀನ್ ಎಂಬ ಶ್ರೀಮಂತ ತರುಣನೊಬ್ಬ ಅಮೆರಿಕಕ್ಕೆ ಒಂದು ಬ್ಯಾಲೆ ತಂಡ ಕಟ್ಟಿಕೊಡು ಎಂದು ಕರೆಸಿಕೊಂಡಿದ್ದ, ಇವನು ಮೊದಲು ಶಾಲೆ ಬೇಕು ಎಂದು ಪಟ್ಟು ಹಿಡಿದಿದ್ದ. ಹಾಗೆ ಆ ವರ್ಷದ ಜನವರಿ 2ರಂದು ಶುರುವಾದದ್ದು ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ. ಹೊಸ ನೃತ್ಯ ಕಟ್ಟಲು ಕೂತ ಆ ಸಂಜೆ ಬಂದಿದ್ದವರು 17 ಹುಡುಗಿಯರು. ಹುಡುಗರು ಒಬ್ಬರೂ ಇಲ್ಲ.

ಅವನು ಇಬ್ಬರನ್ನು ಮನೆಗೆ ಕಳಿಸಿ 15 ಮಾಡಿಕೊಳ್ಳಬಹುದಿತ್ತು, ಮಾಡಲಿಲ್ಲ. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿದ್ದವರಿಗೆ ಅವನ ಉಪಾಯ ಕೂಡಲೇ ಹೊಳೆಯುತ್ತದೆ: ಒಂಬತ್ತು ಚುಕ್ಕಿಯ ಎರಡು ವಜ್ರಾಕಾರ ಬಿಡಿಸಿ, ನಡುವಿನ ಒಂದು ಚುಕ್ಕಿಯನ್ನು ಎರಡಕ್ಕೂ ಹಂಚಿಬಿಡಿ. ಒಂಬತ್ತೂ ಒಂಬತ್ತೂ ಹದಿನೆಂಟು, ಕಳೆ ಒಂದು. ಓರೆ ಸಾಲುಗಳಾದ್ದರಿಂದ ಯಾರೂ ಯಾರ ಬೆನ್ನಿಗೂ ಮರೆಯಾಗುವುದಿಲ್ಲ. ಇವತ್ತಿಗೂ ಆ ನೃತ್ಯದ, ಅಂದರೆ ‘ಸೆರೆನೇಡ್’ನ ಪರದೆ ಏಳುವುದು ಹೀಗೇ ನಿಂತ 17 ಹುಡುಗಿಯರ ಮೇಲೆ. ನೀಲಿ ಬೆಳಕು, ಕಣ್ಣಿಗೆ ಬಿಸಿಲು ತಡೆಯುವವರ ಹಾಗೆ ಎತ್ತಿದ ಬಲಗೈ. ಪಾದಗಳು ಮಾತ್ರ ಬ್ಯಾಲೆಯವರ ಪಾದಗಳಲ್ಲ, ಬಸ್ಸಿಗೆ ಕಾಯುವವರ ಪಾದಗಳು, ಒಂದಕ್ಕೊಂದು ಸಮಾಂತರ. ಸ್ವಲ್ಪ ಹೊತ್ತಿನ ನಂತರ 34 ಪಾದಗಳೂ ಒಟ್ಟಿಗೆ ಹೊರಕ್ಕೆ ತಿರುಗಿ ಫಸ್ಟ್ ಪೊಸಿಷನ್‌ಗೆ ಬರುತ್ತವೆ. ಆರು ವರ್ಷದ ಮಗುವಿಗೆ ಬ್ಯಾಲೆ ಶಾಲೆಯಲ್ಲಿ ಮೊದಲ ದಿನ ಹೇಳಿಕೊಡುವುದೂ ಅದನ್ನೇ.

ಮುಂದಿನ ತರಗತಿಗೆ ಒಂಬತ್ತೇ ಜನ ಬಂದರಂತೆ, ಒಂಬತ್ತು ಜನರಿಗೆ ಸಾಕಾಗುವಷ್ಟು ಕಟ್ಟಿದ. ಮತ್ತೊಂದು ದಿನ ಆರು, ಆರು ಜನರ ಭಾಗ ಹುಟ್ಟಿತು. ಹುಡುಗರು ಒಬ್ಬೊಬ್ಬರಾಗಿ ಸೇರತೊಡಗಿದ ಮೇಲೆ ಅವರೂ ಒಳಗೆ ಬಂದರು. ಒಬ್ಬ ಹುಡುಗಿ ತಡವಾಗಿ ಬಂದಳು, ತಡವಾಗಿ ಬರುವುದೇ ನೃತ್ಯಕ್ಕೆ ಸೇರಿತು. ಇನ್ನೊಬ್ಬಳು ಓಡುವಾಗ ಬಿದ್ದು ಅತ್ತಳು, ಬಿದ್ದದ್ದನ್ನೂ ಇಟ್ಟುಕೊಂಡ. ವೇದಿಕೆಯ ಮೇಲೆ ನಿಲ್ಲುವುದಕ್ಕೂ ತರಗತಿಯಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಅವನು ಕಟ್ಟಿದ ಪಾಠ ಅದು, ಹಾಜರಿ ಪುಸ್ತಕವನ್ನೇ ಕುಣಿಸಿದ ಹಾಗಿದೆ. ಬ್ಯಾಲೆ ಲೋಕದಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ. ನನ್ನನ್ನು ಬಿಡದೆ ಕಾಡುತ್ತಿರುವುದು ಕಥೆಯಲ್ಲ, ಅದೇ ಕಥೆಯನ್ನು ಇವತ್ತಿನ ಮಕ್ಕಳಿಗೆ ಕಲಿಸುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದ್ದು.

ಗೋಡೆಗೆ ಒರಗಿ ಕೂತವಳು

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಹೋಗುತ್ತಿದ್ದ ಬ್ಯಾಲೆ ಶಾಲೆಯ ಹಿರಿಯ ವಿದ್ಯಾರ್ಥಿಗಳು ಒಂದು ವರ್ಷ ‘ಸೆರೆನೇಡ್’ ಮಾಡಿದರು. ಸುಮ್ಮನೆ ವಿಡಿಯೋ ನೋಡಿ ಕಲಿತು ಮಾಡಿಬಿಡುವ ಹಾಗಿಲ್ಲ. ಬಾಲಂಚೀನ್‌ನ ನೃತ್ಯಗಳ ಹಕ್ಕು ನೋಡಿಕೊಳ್ಳಲು 1987ರಿಂದ ಒಂದು ಟ್ರಸ್ಟ್ ಇದೆ. ಅವರು ಅನುಮತಿ ಕೊಡಬೇಕು, ಕಲಿಸಲು ಅವರೇ ಜನ ಕಳಿಸಬೇಕು. ಹಾಗೆ ಬಂದವರು ತಮ್ಮ ಕಾಲದಲ್ಲಿ ಅದೇ ನೃತ್ಯ ಮಾಡಿದ್ದ, ಈಗ ನರೆಗೂದಲಿನ ಹೆಂಗಸು. ಪೋಷಕರಿಗೆ ಸ್ಟುಡಿಯೋ ಒಳಗೆ ಪ್ರವೇಶವಿಲ್ಲ. ಆದರೆ ಆ ಉದ್ದನೆಯ ತೆಳು ನೀಲಿ ಸ್ಕರ್ಟುಗಳ ಸೊಂಟಕ್ಕೆ ಹುಕ್ಕು ಹೊಲಿಯಲು ಕೈಗಳು ಬೇಕಿದ್ದವು. ನನಗೆ ಹೊಲಿಗೆ ಬರುತ್ತದೆ. ಮೂಲೆಯಲ್ಲಿ ಒಂದು ಮಡಚುವ ಕುರ್ಚಿ, ತೊಡೆಯ ಮೇಲೆ ಬಲೆಬಟ್ಟೆಯ ರಾಶಿ, ನಾನು.

ಅಂದು ನಡೆಯುತ್ತಿದ್ದದ್ದು ಮೊದಲ ಭಾಗದ ಕೊನೆ. ಕುಣಿತವೆಲ್ಲ ಮುಗಿದು ಹುಡುಗಿಯರು ಮತ್ತೆ ಆ ಎರಡು ವಜ್ರಗಳಿಗೆ ಮರಳುತ್ತಾರೆ, ಕೈ ಎತ್ತಿ ನಿಲ್ಲುತ್ತಾರೆ. ಆಗ ಒಬ್ಬಳು ಹೊರಗಿನಿಂದ ಬರುತ್ತಾಳೆ. ನಿಂತವರ ನಡುವೆ ಹಾದು, ತನ್ನ ಜಾಗ ಹುಡುಕಿ, ಎಲ್ಲರ ಹಾಗೆ ಕೈ ಎತ್ತುತ್ತಾಳೆ. ಅವಳು ಎತ್ತಿದ ಹೊತ್ತಿಗೇ ಉಳಿದವರು ತಿರುಗಿ ನಿಧಾನವಾಗಿ ಹೊರಟುಬಿಡುತ್ತಾರೆ. ನೋಡಲು ಏನೂ ಅಲ್ಲ, ಒಂದು ನಡಿಗೆ ಅಷ್ಟೆ. ಆ ಹೆಂಗಸು ಅದೊಂದನ್ನೇ ಮಾಡಿಸಿದರು, ಮತ್ತೆ ಮಾಡಿಸಿದರು, ಮತ್ತೂ ಮಾಡಿಸಿದರು. ಹುಡುಗಿ ಬೇಗ ಬಂದಳು, ಬೇಡ. ತೀರಾ ನಿಧಾನವಾದಳು, ಬೇಡ. ತಲೆ ತಗ್ಗಿಸಿ ಬಂದಳು. “ನಿನಗೆ ನಾಚಿಕೆ ಆಗಿಲ್ಲ, ನಿನ್ನ ಜಾಗ ಎಲ್ಲಿದೆಯೆಂದು ಗೊತ್ತಿಲ್ಲ, ಅಷ್ಟೆ” ಎಂದರು. ಪಿಯಾನೋದವನು ಅವೇ ಕೆಲವು ಸಾಲುಗಳನ್ನು ತಾಳ್ಮೆಯಿಂದ ಬಾರಿಸುತ್ತಲೇ ಇದ್ದ. ಯಾವ ಸ್ವರಕ್ಕೆ ಯಾವ ಹೆಜ್ಜೆ, ಯಾರ ಎಡಕ್ಕೆ ತಿರುಗಬೇಕು, ಕೈ ಯಾವಾಗ ಎತ್ತಬೇಕು ಎಲ್ಲಕ್ಕೂ ಎಣಿಕೆ ಇತ್ತು.

ಈ ನಡುವೆ ಬಾಗಿಲು ಸದ್ದಿಲ್ಲದೆ ತೆರೆದು ಇನ್ನೊಬ್ಬ ಹುಡುಗಿ ಒಳಗೆ ಬಂದಳು. ನಿಜಕ್ಕೂ ತಡವಾಗಿ ಬಂದವಳು. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಮೇಲೆ ಏನೋ ಅಪಘಾತ, ಅಪ್ಪನ ಕಾರು ಸಿಕ್ಕಿಹಾಕಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ತುರುಬು ಕಟ್ಟಿಕೊಂಡೇ ಬಂದಿದ್ದಳು, ಒಂದು ಕೂದಲೂ ಆಚೀಚೆ ಇರಲಿಲ್ಲ. ಶಾಲೆಯ ಮೇಡಂ ಮಾತಾಡಲಿಲ್ಲ, ಗೋಡೆಯ ಕಡೆ ಕೈ ತೋರಿಸಿದರು. ಹುಡುಗಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಅವಳ ಜಾಗದಲ್ಲಿ ಬದಲಿ ಹುಡುಗಿ ನಿಂತಳು. ಆ ಮಧ್ಯಾಹ್ನ ಪೂರ್ತಿ ಅವಳು ಅಲ್ಲೇ ಕೂತು, ತಡವಾಗಿ ಬರುವುದನ್ನು ಇನ್ನೊಬ್ಬಳು ಕಲಿಯುವುದನ್ನು ನೋಡಿದಳು.

ನಿಯಮ ಯಾಕಿದೆ ಎಂದು ನನಗೆ ಗೊತ್ತು. ಬಾರ್ ಎಂಬ ಕಂಬಿ ಹಿಡಿದು ಪ್ಲಿಯೆ, ತಾಂದ್ಯು ಎಂಬ ಕಾಲಿನ ಕಸರತ್ತುಗಳಿಂದ ಮೈ ಬಿಸಿ ಮಾಡಿಕೊಳ್ಳದೆ ನಡುವೆ ಸೇರಿದರೆ ಸ್ನಾಯು ಹರಿಯುತ್ತದೆ, ಪಾದ ಮುರಿಯುತ್ತದೆ. ಒಬ್ಬಳಿಗಾಗಿ ಉಳಿದವರು ಕಾಯಲೂ ಆಗುವುದಿಲ್ಲ, ಟ್ರಸ್ಟಿನಿಂದ ಬಂದವರು ಇರುವುದು ಕೆಲವೇ ದಿನ. ಇದೆಲ್ಲ ಸರಿಯೇ. ಆದರೂ ಹುಕ್ಕು ಹೊಲಿಯುತ್ತ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. 1934ರಲ್ಲಿ ಆ ಶಾಲೆಗೆ ನಿಯಮ ಮಾಡಿಕೊಳ್ಳಲು ಇನ್ನೂ ಪುರುಸೊತ್ತಾಗಿರಲಿಲ್ಲ. ಬಂದವರನ್ನು ಕಟ್ಟಿಕೊಂಡು ಕೆಲಸ ಮಾಡದಿದ್ದರೆ ಮಾಡಲು ಬೇರೆ ಯಾರೂ ಇರಲಿಲ್ಲ. ಈಗ ಒಂದು ಜಾಗಕ್ಕೆ ಮೂವರು ಕಾದಿರುತ್ತಾರೆ. ಅಂದು ಸಿಕ್ಕಿದ 17 ಇಂದು ಬೇಕೇ ಬೇಕಾದ 17 ಆಗಿದೆ. ಒಬ್ಬಳಿಗೆ ಜ್ವರ ಬಂದರೆ 16 ಜನರಿಗೆ ಒಗ್ಗಿಸುವ ಮಾತೇ ಇಲ್ಲ, ಇನ್ನೊಬ್ಬಳನ್ನು ತಂದು ನಿಲ್ಲಿಸಬೇಕು. ಬೀಳುವವಳು ಕೂಡ ಮೊಣಕಾಲಿಗೆ ಪೆಟ್ಟಾಗದ ಹಾಗೆ, ಸರಿಯಾದ ಸ್ವರಕ್ಕೆ, ಸರಿಯಾದ ಜಾಗದಲ್ಲೇ ಬೀಳಬೇಕು.

(ತಡವಾಗಿ ಬರುವವಳೂ ಬೀಳುವವಳೂ ಈಗ ಒಬ್ಬಳೇ, ಅದು ‘ವಾಲ್ಟ್ಜ್ ಗರ್ಲ್’ ಪಾತ್ರ. ಕೊನೆಗೆ ನೆಟ್ಟಗೆ ನಿಂತಂತೆಯೇ ಅವಳನ್ನು ಗಂಡಸರು ಮೇಲೆತ್ತಿ ಬೆಳಕಿನ ಕಡೆ ಹೊತ್ತೊಯ್ಯುತ್ತಾರೆ. ಇಡೀ ನೃತ್ಯದಲ್ಲಿ ಎಲ್ಲರಿಗೂ ಬೇಕಾದ ಪಾತ್ರ ಇದೇ. ತರಗತಿಯಲ್ಲಿ ತಡವಾಗಿ ಬಂದು ಬಿದ್ದವಳಿಗೆ ಈ ಮರ್ಯಾದೆ ಯಾವ ಶಾಲೆಯಲ್ಲೂ ಸಿಗುವುದಿಲ್ಲ.)

ಇಲಿ, ಸೈನಿಕ, ಕೋಡಂಗಿ

ಬ್ಯಾಲೆ ಶಾಲೆಯ ಮಕ್ಕಳು ವೇದಿಕೆಗೆ ಬರುವುದು ನಮ್ಮ ಭರತನಾಟ್ಯದವರು ಬರುವ ಹಾಗಲ್ಲ. ಇಲ್ಲಿನ ಕನ್ನಡದ ಮನೆಗಳಲ್ಲಿ ರಂಗಪ್ರವೇಶ ಎಂದರೆ ಮದುವೆಗಿಂತ ಒಂದು ಕೈ ಕಡಿಮೆ. ಎಂಟು ಹತ್ತು ವರ್ಷ ಕಲಿತ ಮೇಲೆ ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಹಿಡಿದು, ಮೃದಂಗದವರನ್ನು ಬೆಂಗಳೂರಿನಿಂದ ಕರೆಸಿ, ಎರಡೂವರೆ ಮೂರು ಗಂಟೆ ಒಬ್ಬಳೇ ಮಗಳು. ವರ್ಣ ಮುಗಿಯುವ ಹೊತ್ತಿಗೆ ಅಮ್ಮನ ಕಣ್ಣು ತುಂಬಿರುತ್ತದೆ, ಅಪ್ಪ ಊಟದ ಕೇಟರಿಂಗಿನವನ ಜೊತೆ ಫೋನಿನಲ್ಲಿರುತ್ತಾನೆ. ಬ್ಯಾಲೆಯಲ್ಲಿ ಎಂಟು ವರ್ಷದ ಮಗು ಡಿಸೆಂಬರ್ ಬಂತೆಂದರೆ ವೇದಿಕೆಯ ಮೇಲಿರುತ್ತದೆ, ಆದರೆ ಇಲಿಯಾಗಿ. ಇಲಿಗಳ ಗುಂಪಿನಲ್ಲಿ ಎಡದಿಂದ ಮೂರನೆಯ ಇಲಿ. ತಲೆಗೆ ಹಾಕಿದ ಮುಖವಾಡದೊಳಗೆ ಯಾರ ಮಗು ಯಾವುದೆಂದು ಹೆತ್ತವರಿಗೂ ತಿಳಿಯುವುದಿಲ್ಲ. ಮಗಳು ಸಣ್ಣವಳಿದ್ದಾಗ ನಾವು ಬೇರೆ ಯಾವುದೋ ಇಲಿಯ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೆವು.

‘ನಟ್‌ಕ್ರ್ಯಾಕರ್’ ಎಂಬ ಈ ಇಲಿಗಳ ಕ್ರಿಸ್ಮಸ್ ಬ್ಯಾಲೆ ಅಮೆರಿಕದಲ್ಲಿ ಹೀಗೆ ಮಕ್ಕಳ ಜಾತ್ರೆಯಾದದ್ದರಲ್ಲಿ ಬಾಲಂಚೀನ್‌ನ ಕೈ ದೊಡ್ಡದು. 1954ರ ಫೆಬ್ರವರಿಯಲ್ಲಿ ಅವನು ನ್ಯೂಯಾರ್ಕಿನಲ್ಲಿ ಅದನ್ನು ಕಟ್ಟಿದಾಗ ತನ್ನ ಶಾಲೆಯ ಮಕ್ಕಳನ್ನೇ ದಂಡಿಯಾಗಿ ತುಂಬಿದ. ಕ್ರಿಸ್ಮಸ್ ಔತಣಕ್ಕೆ ಬರುವ ಪುಟ್ಟ ಅತಿಥಿಗಳು, ಇಲಿಗಳ ಜೊತೆ ಕಾದಾಡುವ ಸೈನಿಕರು, ಎರಡನೆಯ ಅಂಕದ ದೇವತೆಗಳು ಎಲ್ಲ ಮಕ್ಕಳೇ. ಇವತ್ತಿಗೂ ನ್ಯೂಯಾರ್ಕಿನ ರಂಗಮಂದಿರಗಳ ಸಂಕೀರ್ಣವಾದ ಲಿಂಕನ್ ಸೆಂಟರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಮುಗಿದೊಡನೆ ಶುರುವಾಗಿ ಹೊಸ ವರ್ಷದವರೆಗೆ ನಡೆಯುತ್ತದೆ. ಮಕ್ಕಳದು ಎರಡು ತಂಡ, ಸರದಿಯ ಮೇಲೆ ಕುಣಿಯುತ್ತಾರೆ. ಪಾತ್ರ ಹಂಚುವಾಗ ಪ್ರತಿಭೆಯ ಜೊತೆಗೆ ಎತ್ತರವನ್ನೂ ಅಳೆಯುತ್ತಾರೆ, ಏಕೆಂದರೆ ಬಟ್ಟೆ ಮೊದಲೇ ಹೊಲಿದಿದೆ, ಮಗು ಅದಕ್ಕೆ ಹೊಂದಬೇಕು. ಬೇಸಿಗೆಯಲ್ಲಿ ಎರಡು ಇಂಚು ಬೆಳೆದು ದೇವತೆಯ ಪಟ್ಟ ಕಳೆದುಕೊಂಡ ಮಕ್ಕಳ ಸಂಕಟ ನಮ್ಮೂರ ಚಿಕ್ಕ ಶಾಲೆಯಲ್ಲೂ ಇದೆ. ಆ ಮೇರಿ ಎಂಬ ಮುಖ್ಯ ಹುಡುಗಿಯ ಪಾತ್ರವನ್ನು ಲಿಂಕನ್ ಸೆಂಟರಿನ ಪ್ರದರ್ಶನದಲ್ಲಿ ಕಪ್ಪು ಹುಡುಗಿಯೊಬ್ಬಳು ಮೊದಲ ಬಾರಿಗೆ ಮಾಡಿದ್ದು 2019ರಲ್ಲಿ. 1954ಕ್ಕೂ 2019ಕ್ಕೂ ನಡುವೆ ಎಷ್ಟು ಡಿಸೆಂಬರ್ ಎಂದು ಲೆಕ್ಕ ಹಾಕಿದರೆ ಎತ್ತರದ ಹೊರತಾಗಿ ಇನ್ನೂ ಏನೇನು ಅಳೆಯುತ್ತಿದ್ದರು ಎನ್ನುವುದು ತಿಳಿಯುತ್ತದೆ.

ಅಮ್ಮ ಕುಮಟಾದಿಂದ ಬಂದಿದ್ದಾಗ ಲಿಂಕನ್ ಸೆಂಟರಿಗೆ ಕರೆದುಕೊಂಡು ಹೋಗಿದ್ದೆ. ಮೇಲಿನ ಅಂತಸ್ತಿನ ಅಗ್ಗದ ಸೀಟು, ಸ್ವೆಟರಿನ ಮೇಲೆ ಶಾಲು. ಆ ಕ್ರಿಸ್ಮಸ್ ಮರ ವೇದಿಕೆಯ ಮೇಲೆ ಬೆಳೆಯುತ್ತಾ ಹೋಗುತ್ತದಲ್ಲ, 12 ಅಡಿಯಿಂದ 41 ಅಡಿಗೆ, ಇಡೀ ಸಭೆ ಹೋ ಎಂದಾಗ ಅಮ್ಮ ಸುಮ್ಮನಿದ್ದಳು. ಮೇಳದ ರಂಗಸ್ಥಳದಲ್ಲಿ ಅದಕ್ಕಿಂತ ದೊಡ್ಡದನ್ನು ಬರಿಗೈಯಲ್ಲಿ ಎಬ್ಬಿಸಿದ್ದನ್ನು ನೋಡಿದವಳು. ಅವಳು ಮುಂದಕ್ಕೆ ಬಾಗಿದ್ದು ಎರಡನೆಯ ಅಂಕ ಶುರುವಾದಾಗ. ಪುಟ್ಟ ದೇವತೆಗಳು ನೆಲ ಮುಟ್ಟುವ ಲಂಗದಡಿ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ, ಚಕ್ರದ ಮೇಲೆ ಜಾರಿದ ಹಾಗೆ ಬಂದರು. ಒಬ್ಬಳು ಅರ್ಧ ಹೆಜ್ಜೆ ಹಿಂದೆ ಬಿದ್ದಳು, ಮುಖ ಅಲುಗಿಸದೆ ಸರಿಮಾಡಿಕೊಂಡಳು. “ಇವು ನಮ್ಮ ಕೋಡಂಗಿಗಳು ಅಲ್ದನೇ?” ಎಂದಳು ಅಮ್ಮ. “ಇವಕ್ಕೆ ಕುಣಿತ ಬರುವುದಿಲ್ಲ ಇನ್ನೂ. ರಂಗಸ್ಥಳ ಕಾಲಿಗೆ ಗೊತ್ತಾಗಲಿ ಅಂತ ಬಿಟ್ಟಿದ್ದು.”

ಯಕ್ಷಗಾನ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ರಾತ್ರಿಯ ಆಟದ ಪೂರ್ವರಂಗದಲ್ಲಿ, ಜನ ಇನ್ನೂ ಊಟ ಮುಗಿಸಿ ಬರುತ್ತಿರುವಾಗ, ಕಲಿಯುವ ಹುಡುಗರು ಮೊದಲು ಕೋಡಂಗಿ ಕಟ್ಟುತ್ತಾರೆ. ಆಮೇಲೆ ಬಾಲಗೋಪಾಲ, ಆಮೇಲೆ ಮುಂದಿನ ವೇಷಗಳು. ಚೆಂಡೆ ಮದ್ದಳೆಯ ಎದುರು, ಭಾಗವತರ ಕಣ್ಣಡಿ, ಖಾಲಿ ಚಾಪೆಗಳಿಗೆ ಕುಣಿಯುತ್ತಾ ಕುಣಿಯುತ್ತಾ ಮೇಳಕ್ಕೆ ಸೇರುತ್ತಾರೆ. ಈಗ ಕಾಲಮಿತಿಯ ಆಟಗಳಲ್ಲಿ ಪೂರ್ವರಂಗಕ್ಕೇ ಕತ್ತರಿ, ಹೊಸಬರು ಎಲ್ಲಿ ನಿಂತು ಕಲಿಯಬೇಕೋ. ಅಮ್ಮ ಹೇಳಿದ ಮೇಲೆ ನನಗೂ ಬ್ಯಾಲೆ ಶಾಲೆ ಒಂದು ಶಾಲೆಯ ಹಾಗೆ ಕಾಣುವುದು ಕಡಿಮೆಯಾಯಿತು, ಮೇಳದ ಹಾಗೆ ಕಾಣತೊಡಗಿತು. ಬಾಲಂಚೀನ್‌ನದೂ ಅದೇ ದಾರಿ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನೃತ್ಯಶಾಲೆಯ ಪರೀಕ್ಷೆಗೆ ಹೋದದ್ದು ಅವನ ಅಕ್ಕ, ಇವನನ್ನು ಜೊತೆಗೆ ಕರೆದೊಯ್ದಿದ್ದರು. ಆರಿಸಿದ್ದು ಇವನನ್ನು. ಬಿಟ್ಟು ಹೋದ ಮನೆಯವರ ಮೇಲಿನ ಸಿಟ್ಟಿಗೆ ಹುಡುಗ ಶಾಲೆಯಿಂದ ಓಡಿಯೂ ಹೋಗಿದ್ದ. ದಿನವೂ ಅದೇ ಬಾರ್, ಅದೇ ಪ್ಲಿಯೆ, ಯಾಕೆಂದು ಗೊತ್ತಿಲ್ಲ. ಆಮೇಲೊಂದು ದಿನ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಪುಟ್ಟ ಕ್ಯುಪಿಡ್ ವೇಷ ಹಾಕಿಸಿ ಮಾರಿಯಿನ್‌ಸ್ಕಿ ರಂಗಮಂದಿರದ ವೇದಿಕೆಗೆ ಬಿಟ್ಟರು. ದೀಪ, ವಾದ್ಯ, ಬಂಗಾರದ ಬಣ್ಣದ ಸಭಾಂಗಣ. ಓಡಿಹೋಗುವ ಮಾತು ಅಲ್ಲಿಗೆ ಮುಗಿಯಿತು. ಕ್ರಾಂತಿಯ ನಂತರದ ಚಳಿ, ಹಸಿವಿನ ಆ ವರ್ಷಗಳಲ್ಲಿ, 1919ರಲ್ಲಿ, ಅದೇ ಊರಿನಲ್ಲಿ ನಟ್‌ಕ್ರ್ಯಾಕರ್ ರಾಜಕುಮಾರನಾದ. ಇಲಿಗಳ ಜೊತೆಗಿನ ಕಾಳಗವನ್ನು ರಾಜಕುಮಾರ ಬರೀ ಕೈಸನ್ನೆಯಲ್ಲಿ ವರ್ಣಿಸುವ ಭಾಗವೊಂದಿದೆ. ಹುಡುಗನಾಗಿದ್ದಾಗ ತಾನು ಮಾಡಿದ್ದನ್ನೇ ಅವನು 1954ರಲ್ಲಿ ನ್ಯೂಯಾರ್ಕಿನ ಹುಡುಗನಿಗೆ ದಾಟಿಸಿದ. ಈಗಲೂ ಅದು ಹಾಗೇ ಒಬ್ಬ ಹುಡುಗನಿಂದ ಇನ್ನೊಬ್ಬನಿಗೆ ಹೋಗುತ್ತಿದೆ.

ಬದಲಿ

ಮಗಳು ಆ 17ರಲ್ಲಿ ಇರಲಿಲ್ಲ. ಬದಲಿಗಳಲ್ಲಿ ಒಬ್ಬಳು. ಮೂರ್ನಾಲ್ಕು ಜಾಗ ಕಲಿಯಬೇಕಿತ್ತು. ಯಾವ ಜಾಗದವಳು ಯಾವಾಗ ಕೈಕೊಟ್ಟರೂ ಅಲ್ಲಿ ನಿಲ್ಲಲು ಸಿದ್ಧಳಿರಬೇಕು, ಯಾರೂ ಕೈಕೊಡದಿದ್ದರೆ ಸ್ಟುಡಿಯೋದ ಹಿಂದೆ ಕನ್ನಡಿಗೆ ಕಾಣದ ಕಡೆ ಹೆಜ್ಜೆಗಳನ್ನು ಮೆಲ್ಲಗೆ ಅನುಕರಿಸುತ್ತ ನಿಂತಿರಬೇಕು. ತಿಂಗಳುಗಟ್ಟಲೆ ಹೀಗೆ. ಬೆರಳ ತುದಿಯಲ್ಲಿ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂ ಮಾತ್ರ ಎಲ್ಲರಷ್ಟೇ ಸವೆಯುತ್ತದೆ. ಅದರ ತುದಿಯಲ್ಲಿ ಮರ ಇರುತ್ತದೆಂದು ನಾನು ಅಂದುಕೊಂಡಿದ್ದೆ; ಇರುವುದು ಬಟ್ಟೆ, ಕಾಗದ, ಅಂಟು. ಬೆವರಿಗೆ ಅಂಟು ಮೆತ್ತಗಾಯಿತೆಂದರೆ ಜೋಡಿ ಮುಗಿದ ಹಾಗೆ, ಹೊಸದಕ್ಕೆ 100 ಡಾಲರಿಗೆ ಮೇಲೆ. ಹೊಸದನ್ನು ತಂದ ಕೂಡಲೇ ಹೊರಗಿನ ಮೆಟ್ಟಿಲಿಗೆ ಬಡಿದು ಬಡಿದು ಸದ್ದಡಗಿಸುತ್ತಾಳೆ, ರಿಬ್ಬನ್ನನ್ನು ಹಲ್ಲುಜ್ಜುವ ಫ್ಲಾಸಿನಿಂದ ಹೊಲಿಯುತ್ತಾಳೆ, ದಾರಕ್ಕಿಂತ ಅದು ಗಟ್ಟಿ. ಇಷ್ಟೆಲ್ಲ ಮಾಡಿ ನಿಲ್ಲುವುದು ಹಿಂದಿನ ಗೋಡೆಯ ಹತ್ತಿರ. ನನಗೆ ಹೊಟ್ಟೆ ಉರಿಯುತ್ತಿತ್ತು, ಅವಳಿಗಲ್ಲ.

ಹೆತ್ತವರ ಕಾಯುವ ಕೋಣೆಯಲ್ಲಿ ಬದಲಿ ಎನ್ನುವುದು ಸೋಲಿನ ಸಭ್ಯ ಹೆಸರು. ಹೂಗುಚ್ಛ ಸಿಗುವುದಿಲ್ಲ, ಎಷ್ಟೋ ಕಡೆ ಪ್ರೋಗ್ರಾಂ ಪುಸ್ತಕದಲ್ಲಿ ಹೆಸರೂ ಸಿಗುವುದಿಲ್ಲ. ಹೆಸರು ಹಾಕಬೇಕು ಎಂದು ನಾನು ಈಗಲೂ ವಾದಿಸುತ್ತೇನೆ, ಒಂದು ಸಾಲಿನ ಮಸಿಗೆ ಎಷ್ಟು ಖರ್ಚು? ಆದರೆ ತಡವಾಗಿ ಬಂದ ಆ ಹುಡುಗಿಯ ಜಾಗದಲ್ಲಿ ಅಂದು ನಿಂತದ್ದು ನನ್ನ ಮಗಳೇ. ಮನೆಗೆ ಬರುವಾಗ ಕಾರಿನಲ್ಲಿ, ಪಾಪ ಆ ಹುಡುಗಿ ಎಂದು ನಾನು ಶುರುಮಾಡಿದೆ. ಅವಳು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಬಾರ್ ಮಾಡದೆ ಬಂದರೆ ಕೂರಿಸುತ್ತಾರೆ, ಎಲ್ಲರನ್ನೂ ಕೂರಿಸಿದ್ದಾರೆ, ತನ್ನನ್ನೂ ಕೂರಿಸಿದ್ದಾರೆ ಎಂದಳು. ಅವಳ ತಲೆಯಲ್ಲಿದ್ದದ್ದು ಬೇರೆ. “ಅಮ್ಮಾ, ಲೇಟಾಗಿ ಬರೋಳು ನನ್ನ ಎಡಗಡೆಯಿಂದ ಹೋಗ್ತಾಳೆ. ಆವಾಗ ನಾನು ಕಣ್ಣು ಕೂಡ ಆಡಿಸ್ಬಾರ್ದು. ನೋಡ್ಬೇಕು ಅಂತ ಎಷ್ಟು ಅನ್ಸುತ್ತೆ ಗೊತ್ತಾ?” ಮುಂದಿನ ಸಿಗ್ನಲ್ಲಿನವರೆಗೆ ಕುತ್ತಿಗೆ ಅಲುಗಿಸದೆ ಕೂತು ತೋರಿಸಿದಳು.

ನನಗೆ ಗೋಡೆಗೆ ಒರಗಿದ ಹುಡುಗಿ ಕಂಡಿದ್ದಳು, ಅವಳಿಗೆ ಕಂಡದ್ದು ಅಲುಗದೆ ನಿಲ್ಲುವ ಕೆಲಸ. ಬಾಲಂಚೀನ್ ಆ ನೃತ್ಯವನ್ನು ಪಾಠವಾಗಿ ಕಟ್ಟಿದ್ದ ಎಂಬ ಮಾತು ಪುಸ್ತಕದಿಂದ ಇಳಿದು ನನಗೆ ತಲುಪಿದ್ದು ಆ ಸಿಗ್ನಲ್ಲಿನ ಹತ್ತಿರ. ತಡವಾಗಿ ಬಂದ ಹುಡುಗಿಯ ಕಥೆಯನ್ನು ನಾವು ಅವಳದೊಬ್ಬಳದೇ ಎಂಬಂತೆ ಹೇಳಿಕೊಳ್ಳುತ್ತೇವೆ. ಅವಳು ಬಂದಾಗ ತಿರುಗಿ ನೋಡದೆ, ಜಾಗ ಖಾಲಿ ಇಟ್ಟುಕೊಂಡು ನಿಂತವರು ಉಳಿದ 16 ಜನ. ಅವರು ಒಬ್ಬರು ಅಲುಗಿದರೂ ಅವಳು ತಡವಾಗಿ ಬಂದದ್ದು ನೃತ್ಯವಾಗುವುದಿಲ್ಲ, ಬರೀ ಗಲಾಟೆಯಾಗುತ್ತದೆ. ಇಷ್ಟಾದರೂ ಆ ಗೋಡೆಗೆ ಒರಗಿದವಳ ಬಗ್ಗೆ ನನ್ನ ತಕರಾರು ಹಾಗೇ ಇದೆ. ಮೈ ಬಿಸಿ ಮಾಡಿಕೊಳ್ಳಲು ಹದಿನೈದು ನಿಮಿಷ ಕೊಟ್ಟು ಒಳಗೆ ಸೇರಿಸಿಕೊಳ್ಳಬಹುದಿತ್ತು. ಆಕಸ್ಮಿಕದಿಂದ ಹುಟ್ಟಿದ್ದನ್ನು ಕಲಿಸುವ ದಿನವಾದರೂ ಒಂದು ಆಕಸ್ಮಿಕಕ್ಕೆ ಜಾಗ ಇರಬಹುದಿತ್ತು. ಮಗಳ ಜೊತೆ ಈ ವಾದ ಇನ್ನೂ ಮುಗಿದಿಲ್ಲ.

ಅಂದ ಹಾಗೆ, ‘ಸೆರೆನೇಡ್’ ಮೊದಲ ಬಾರಿ ಜನರೆದುರು ನಡೆದದ್ದು ಯಾವ ಥಿಯೇಟರಿನಲ್ಲೂ ಅಲ್ಲ. ಶಾಲೆಗೆ ಹಣ ಹಾಕಿದ್ದ ಎಡ್ವರ್ಡ್ ವಾರ್ಬರ್ಗ್ ಎಂಬವನ ಹುಟ್ಟುಹಬ್ಬಕ್ಕೆ, ವೈಟ್ ಪ್ಲೇನ್ಸ್ ಹತ್ತಿರದ ಅವರ ಕುಟುಂಬದ ತೋಟದಲ್ಲಿ, ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ. 1934ರ ಜೂನ್ 9ರಂದು ಮಳೆ ಬಂದು ಪ್ರದರ್ಶನ ನಿಂತುಹೋಯಿತು, ಮರುದಿನ ಮಾಡಿದರು. ಕುಣಿದವರು ವಿದ್ಯಾರ್ಥಿಗಳು. ಈಗ ಕಾಣುವ ಆ ನೀಲಿ ಉದ್ದ ಸ್ಕರ್ಟು ಬಂದದ್ದು 1952ರಲ್ಲಿ, ಕರಿನ್ಸ್ಕಾ ಎಂಬಾಕೆಯ ಕೈಯಿಂದ. ನಾನು ಹುಕ್ಕು ಹಾಕಿದ್ದು ಅದರ ನಕಲಿಗೆ.

ನಮ್ಮಲ್ಲಿ ಪ್ರದರ್ಶನದ ದಿನ ಯಾರಿಗೂ ಜ್ವರ ಬರಲಿಲ್ಲ, ಯಾರ ಕಾರೂ ಸಿಕ್ಕಿಹಾಕಿಕೊಳ್ಳಲಿಲ್ಲ. ಬದಲಿಗಳು ವಿಂಗ್ಸಿನಲ್ಲಿ ನಿಂತು ನೋಡಿದರು. ಮುಂದಿನ ವರ್ಷಕ್ಕೆ ಮಗಳು ವಾರದ ಐದು ತರಗತಿಗಳನ್ನು ಎರಡಕ್ಕೆ ಇಳಿಸಿದಳು. ಕಾಲೇಜಿನ ಅರ್ಜಿ, ಕೆಮಿಸ್ಟ್ರಿ, ಜೊತೆಗೆ ಹಿಮ್ಮಡಿಯ ನೋವು. ಅತ್ತಳೇನೋ ನನಗೆ ಕಾಣಲಿಲ್ಲ, ನಾನು ಅತ್ತದ್ದು ಅವಳಿಗೆ ಕಂಡಿತು. ಆದರೆ ಡಿಸೆಂಬರಿನಲ್ಲಿ ಈಗಲೂ ಹೋಗುತ್ತಾಳೆ. ಇಲಿಗಳ ಬಾಲಕ್ಕೆ ಪಿನ್ ಹಾಕುವುದು, ಮೂತಿ ನೇರ ಮಾಡುವುದು, ಉಚ್ಚೆಗೆ ಹೋಗಬೇಕೆಂದವರನ್ನು ಸರಿಯಾದ ಹೊತ್ತಿಗೆ ಕರೆದೊಯ್ದು ತರುವುದು, ಕೊನೆಗೆ ಒಬ್ಬೊಬ್ಬರನ್ನೇ ಬೆನ್ನು ತಟ್ಟಿ ವೇದಿಕೆಗೆ ಬಿಡುವುದು ಅವಳ ಕೆಲಸ. ಮೊನ್ನೆ ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿದಳು, “ಈ ವರ್ಷ ಯಾವ ವೇಷವೇ ಮಗಾ?”

“ವೇಷ ಇಲ್ಲ ಅಜ್ಜಿ, ಇಪ್ಪತ್ತು ಇಲಿಗಳಿಗೆ ನಾನೇ ಯಜಮಾನಿ” ಎಂದಳು. ಹಿಂದೆ ಯಾವುದೋ ಇಲಿ ಬಾಲ ಕಳಚಿಕೊಂಡು ಕೂಗುತ್ತಿತ್ತು, ಫೋನು ನನ್ನ ಕೈಗೆ ಕೊಟ್ಟು ಓಡಿದಳು.